ಡಿನೈಯೋ, ರಿಫ್ಯೂಸೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂದು ಸಂಸ್ಥೆಯಿಂದ ಬಂದ ಆಹ್ವಾನಕ್ಕೆ ಕಚೇರಿಯ ಪರವಾಗಿ ಉತ್ತರ ಬರೆಯುವಾಗ 'ವಿ ಡಿನೈ ಯುವರ್ ಇನ್ವಿಟೇಷನ್' ಎಂದು ಬರೆದೆ. ಮೇಲಧಿಕಾರಿಗಳು 'ಡಿನೈ' ಪದವನ್ನು ಹೊಡೆದುಹಾಕಿ 'ಡಿಕ್ಲೈನ್' ಎಂದು ತಿದ್ದಿದರು. ನನ್ನ ಬಳಿಯಿರುವ ನಿಘಂಟಿನಲ್ಲಿ ಡಿನೈ, ರಿಫ್ಯೂಸ್, ರಿಜೆಕ್ಟ್, ಡಿಕ್ಲೈನ್ ನಾಲ್ಕಕ್ಕೂ 'ನಿರಾಕರಿಸು' ಎಂದೇ ಅರ್ಥ ಕೊಟ್ಟಿದ್ದಾರೆ. ಹಾಗಿರುವಾಗ ಒಂದರ ಬದಲು ಇನ್ನೊಂದನ್ನು ಬಳಸಿದರೆ ತಪ್ಪೇನು?

ಉತ್ತರ: ನಿಮ್ಮ ಮೇಲಧಿಕಾರಿಗಳು ತಿದ್ದಿದ್ದು ಸರಿಯಾಗಿದೆ. ನಿಘಂಟೂ ತಪ್ಪು ಹೇಳಿಲ್ಲ, ಆದರೆ ಹೇಳಬೇಕಾದುದರಲ್ಲಿ ಅರ್ಧವನ್ನಷ್ಟೇ ಹೇಳಿದೆ. ಕನ್ನಡದ 'ನಿರಾಕರಿಸು' ಬಹಳ ವ್ಯಾಪಕವಾದ ಪದ. ಆರೋಪವನ್ನೂ ನಿರಾಕರಿಸುತ್ತೇವೆ, ಆಹ್ವಾನವನ್ನೂ, ಪ್ರಸ್ತಾವವನ್ನೂ, ಅನುಮತಿಯನ್ನೂ ನಿರಾಕರಿಸುತ್ತೇವೆ. ಇಂಗ್ಲಿಷಿನಲ್ಲಿ ಇದೇ ಕೆಲಸ ಹಲವು ಕ್ರಿಯಾಪದಗಳಿಗೆ ಹಂಚಿಹೋಗಿರುವುದರಿಂದ, ಬರೆಯುವವರು ಪದವನ್ನು ಆರಿಸುವ ಮೊದಲು 'ಇಲ್ಲಿ ಏನನ್ನು ನಿರಾಕರಿಸಲಾಗುತ್ತಿದೆ, ಯಾವ ಧಾಟಿಯಲ್ಲಿ' ಎಂದು ಕೇಳಿಕೊಳ್ಳಬೇಕಾಗುತ್ತದೆ.

'ಡಿನೈ' ಮುಖ್ಯವಾಗಿ ಹೇಳಿಕೆಗೆ ಸಂಬಂಧಿಸಿದ ಪದ. ಒಬ್ಬರು ಹೇಳಿದ್ದು ನಿಜವಲ್ಲ ಎನ್ನುವುದು ಅದರ ತಿರುಳು; ಹಾಗಾಗಿ ಆರೋಪ, ವದಂತಿ, ಸುದ್ದಿ ಇವುಗಳೊಂದಿಗೆ ಅದು ಸಹಜವಾಗಿ ಹೊಂದಿಕೊಳ್ಳುತ್ತದೆ. ಕೊಡುವ ಅಧಿಕಾರವಿರುವವರು ಕೊಡದೆ ಹೋದಾಗಲೂ ಇದೇ ಪದ ಬರುತ್ತದೆ. ಪ್ರವೇಶ, ಅನುಮತಿ, ಜಾಮೀನು ಮುಂತಾದವನ್ನು 'ಡಿನೈ' ಮಾಡುತ್ತಾರೆ. ನಿಮಗೆ ಬಂದ ಆಹ್ವಾನ ಈ ಎರಡು ಬಳಕೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. 'ರಿಫ್ಯೂಸ್' ಮನಸ್ಸಿಗೆ, ಇಚ್ಛೆಗೆ ಸಂಬಂಧಿಸಿದ್ದು: ಮಾಡೆನು, ಸ್ವೀಕರಿಸೆನು ಎನ್ನುವುದು. ಈ ಎರಡರ ನಡುವಿನ ಅಂತರವನ್ನು ಎರಡು ವಾಕ್ಯಗಳಲ್ಲಿ ನೋಡಿ. 'ಹಿ ರಿಫ್ಯೂಸ್ಡ್ ಟು ಸೈನ್ ದ ಲೆಟರ್' ಎಂದರೆ ಅವನು ಸಹಿ ಹಾಕಲು ಒಪ್ಪಲಿಲ್ಲ. ಆ ಪತ್ರದಲ್ಲಿ ಅವನ ಸಹಿಯನ್ನು ಹುಡುಕುವ ಅಗತ್ಯವೇ ಇಲ್ಲ. 'ಹಿ ಡಿನೈಡ್ ಸೈನಿಂಗ್ ದ ಲೆಟರ್' ಎಂದರೆ ತಾನು ಸಹಿ ಹಾಕಿಯೇ ಇಲ್ಲವೆಂದು ಅವನು ಹೇಳಿದ. ಪತ್ರದಲ್ಲಿ ಸಹಿ ಇದ್ದರೂ ಇರಬಹುದು, ಜಗಳ ಇರುವುದೇ ಆ ಸಹಿಯ ಬಗ್ಗೆ. ಒಂದು ಪತ್ರವ್ಯವಹಾರದಲ್ಲಿ ಇವು ಅದಲುಬದಲಾದರೆ ಇಡೀ ಪ್ರಕರಣವೇ ಬೇರೆಯಾಗುತ್ತದೆ. 'ರಿಫ್ಯೂಸ್' ಆದ ಮೇಲೆ 'ಟು' ಸೇರಿದ ಕ್ರಿಯಾರೂಪವೂ 'ಡಿನೈ' ಆದ ಮೇಲೆ 'ಇಂಗ್' ಕೊನೆಗೊಂಡ ರೂಪವೂ ಬರುತ್ತವೆ ಎಂಬುದನ್ನು ಪದದ ಜೊತೆಗೇ ಕಲಿತುಕೊಂಡರೆ, ಅರ್ಥ ಮರೆತಾಗಲೂ ವ್ಯಾಕರಣ ನಿಮ್ಮನ್ನು ಎಚ್ಚರಿಸುತ್ತದೆ.

ಉಳಿದ ಎರಡನ್ನು ಬೇಗ ಮುಗಿಸಬಹುದು. ಪರಿಶೀಲಿಸಿ, ತಕ್ಕದ್ದಲ್ಲವೆಂದು ತಳ್ಳಿಹಾಕುವುದು 'ರಿಜೆಕ್ಟ್'. ಅರ್ಜಿ, ಪ್ರಸ್ತಾವ, ಹಸ್ತಪ್ರತಿಗಳಿಗೆ ಅದು ಸಲ್ಲುತ್ತದೆ, ಕಸಿ ಮಾಡಿದ ಅಂಗವನ್ನು ದೇಹ ಒಪ್ಪಿಕೊಳ್ಳದಿದ್ದಾಗಲೂ ವೈದ್ಯರು ಇದೇ ಪದವನ್ನು ಬಳಸುತ್ತಾರೆ. ಆದರೆ ಪ್ರೀತಿಯಿಂದ ಕರೆದವರ ಆಹ್ವಾನಕ್ಕೆ ಅದು ತೀರಾ ಒರಟಾಗುತ್ತದೆ. ಸೌಜನ್ಯದಿಂದ ಬೇಡವೆನ್ನಲು ಇಂಗ್ಲಿಷ್ ಇಟ್ಟುಕೊಂಡಿರುವ ಪದ 'ಡಿಕ್ಲೈನ್'.

ನಿಘಂಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕನ್ನಡ ಅರ್ಥ ನೋಡಿದ ಮೇಲೆ ಕಲಿಯುವವರಿಗಾಗಿಯೇ ರಚಿಸಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನೂ ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಹೋದ್ಯೋಗಿಗಳು ಜಪಾನಿನಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿ ಸಿದ್ಧಪಡಿಸಿ 1942ರಲ್ಲಿ ಪ್ರಕಟವಾದ ನಿಘಂಟು ಯಾವ ಕ್ರಿಯಾಪದದ ನಂತರ ಯಾವ ರಚನೆ ಬರಬೇಕೆಂಬುದನ್ನೂ ತಿಳಿಸಿಕೊಟ್ಟಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಅದರ ಮುಂದುವರಿಕೆ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ನಿಜವಾದ ಬಳಕೆಯ ದೊಡ್ಡ ಸಂಗ್ರಹವನ್ನು ಆಧರಿಸಿ, ಪದದ ಅರ್ಥವನ್ನು ಪೂರ್ಣ ವಾಕ್ಯದಲ್ಲಿಯೇ ವಿವರಿಸುತ್ತದೆ. ಇವುಗಳಿಗೆ ಹೋಲಿಸಿದರೆ 1852ರಲ್ಲಿ ಪೀಟರ್ ಮಾರ್ಕ್ ರೋಜೆ ಪ್ರಕಟಿಸಿದ ಥೆಸಾರಸ್‌ನ ಉದ್ದೇಶ ಬೇರೆ: ಅದು ಒಂದೇ ಭಾವದ ಪದಗಳನ್ನು ಒಂದೆಡೆ ಕೂಡಿಸುತ್ತದೆ, ಅವುಗಳ ನಡುವಿನ ವ್ಯತ್ಯಾಸವನ್ನು ವಿವರಿಸುವುದಿಲ್ಲ. ಗೊತ್ತಿದ್ದೂ ಆ ಹೊತ್ತಿಗೆ ನೆನಪಿಗೆ ಬಾರದ ಪದವನ್ನು ಹುಡುಕಲು ಅದು ಅಮೂಲ್ಯ ಗ್ರಂಥ. ಎಂದೂ ಓದಿ ಕೇಳಿ ಅರಿಯದ ಪದವನ್ನು ಅದರಿಂದ ಎತ್ತಿ ವಾಕ್ಯದಲ್ಲಿ ಕೂರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: 'ಅವನೇ ಹಣ ತೆಗೆದುಕೊಂಡಿದ್ದಾನೆಂದು ನನಗೆ ಅನುಮಾನ' ಎಂಬುದನ್ನು 'ಐ ಡೌಟ್ ದಟ್ ಹಿ ಟುಕ್ ದ ಮನಿ' ಎಂದು ಬರೆದರೆ ಸರಿಯೇ?

ಉತ್ತರ: ಸರಿಯಲ್ಲ, ಅರ್ಥ ಪೂರ್ತಿ ತಿರುವುಮುರುವಾಗುತ್ತದೆ. ನೀವು ಬರೆದಿರುವ ಇಂಗ್ಲಿಷ್ ವಾಕ್ಯವನ್ನು ಓದಿದವರು, ಅವನು ಹಣ ತೆಗೆದುಕೊಂಡಿರಲಾರ ಎಂದು ನೀವು ಅವನ ಪರವಾಗಿ ಮಾತನಾಡುತ್ತಿದ್ದೀರಿ ಎಂದುಕೊಳ್ಳುತ್ತಾರೆ. ಒಂದು ಸಂಗತಿ ನಿಜವಿರಲಿಕ್ಕಿಲ್ಲ ಎನ್ನಿಸಿದಾಗ 'ಡೌಟ್', ನಿಜವಿದ್ದೀತು ಎನ್ನಿಸಿದಾಗ 'ಸಸ್ಪೆಕ್ಟ್'. ನಿಮ್ಮ ಮನಸ್ಸಿನಲ್ಲಿರುವುದು ಎರಡನೆಯದಾದ್ದರಿಂದ 'ಐ ಸಸ್ಪೆಕ್ಟ್ ದಟ್ ಹಿ ಟುಕ್ ದ ಮನಿ' ಎಂದೇ ಬರೆಯಬೇಕು. ಕನ್ನಡದ 'ಅನುಮಾನ' ಎರಡೂ ಕಡೆಗೆ ವಾಲಬಲ್ಲದು, 'ಅವನು ಬರುವುದು ಅನುಮಾನ' ಎಂದಾಗ ಬರಲಿಕ್ಕಿಲ್ಲವೆಂದೂ 'ಅವನ ಮೇಲೆ ಅನುಮಾನ' ಎಂದಾಗ ಅವನೇ ಮಾಡಿರಬೇಕೆಂದೂ ನಮಗೆ ತಾನಾಗಿ ತಿಳಿಯುತ್ತದೆ; ಗೊಂದಲದ ಮೂಲ ಇದೇ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ 'ಡೌಟ್' ಪದವನ್ನು 'ಹೀಗಾದೀತು' ಎಂಬ ಅರ್ಥದಲ್ಲಿ ಬಳಸುವ ರೂಢಿ ಉಂಟು, ಆದರೆ ಇತರರ ಮುಂದೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರಶ್ನೆ: ಒಂದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದಗಳು ಏಕಿವೆ? ದೊಡ್ಡ ಪದ ಬಳಸಿದರೆ ಬರವಣಿಗೆಯ ತೂಕ ಹೆಚ್ಚುತ್ತದೆಯೇ?

ಉತ್ತರ: 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ಬಹುಕಾಲ ನಡೆಯಿತು, ಜನರ ಬಾಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು, ವಿದ್ವಾಂಸರು ಲ್ಯಾಟಿನ್ನಿನಿಂದ ನೇರವಾಗಿ ಪದಗಳನ್ನು ತಂದುಕೊಂಡರು. ಹೀಗೆ 'ಆಸ್ಕ್' ಮೂಲ ಇಂಗ್ಲಿಷಿನದು, 'ಕ್ವೆಶ್ಚನ್' ಫ್ರೆಂಚಿನ ಮೂಲಕ ಬಂದದ್ದು, 'ಇಂಟರಾಗೇಟ್' ಲ್ಯಾಟಿನ್ನಿನದು. ಮೂರೂ ಕೇಳುವುದಕ್ಕೇ ಸಂಬಂಧಿಸಿದ್ದರೂ ಗೆಳೆಯನನ್ನು ದಾರಿ ಕೇಳುವುದು 'ಆಸ್ಕ್', ಒಬ್ಬರ ಮಾತನ್ನು ಪ್ರಶ್ನಿಸುವುದು 'ಕ್ವೆಶ್ಚನ್', ಪೊಲೀಸರು ಕೂರಿಸಿಕೊಂಡು ವಿಚಾರಣೆ ನಡೆಸುವುದು 'ಇಂಟರಾಗೇಟ್'. 'ಬಿಗಿನ್' ಮತ್ತು 'ಕಮೆನ್ಸ್' ಜೋಡಿಯೂ ಹೀಗೆಯೇ. ಎರಡನೆಯದು ಅಧಿಕೃತ ಪ್ರಕಟಣೆಗೆ ಹೊಂದುತ್ತದೆ, ಮಾತುಕತೆಯಲ್ಲಿ ಬಂದರೆ ಬಿಗುವಾಗುತ್ತದೆ.

ದೊಡ್ಡ ಪದದಿಂದ ತೂಕ ಬರುವುದಿಲ್ಲ. ಇದು ಕನ್ನಡಿಗರಿಗೆ ಹೇಳಿಕೊಡಬೇಕಾದ ವಿಷಯವೂ ಅಲ್ಲ: ಬಾಯಾರಿದವರು 'ಕುಡಿಯಲು ಜಲ ಕೊಡಿ' ಎಂದು ಕೇಳುವುದಿಲ್ಲ, ಅಂತೆಯೇ 'ಜಲಾಶಯ'ವನ್ನು ಯಾರೂ 'ನೀರಾಶಯ' ಎನ್ನುವುದಿಲ್ಲ. ಸ್ವಂತ ಭಾಷೆಯಲ್ಲಿ ನೀವು ತೋರಿಸುವ ಈ ವಿವೇಕವನ್ನೇ ಇಂಗ್ಲಿಷಿನಲ್ಲಿಯೂ ತೋರಿಸಿ; ಸರಳ ಪದ ಸಾಲುವಲ್ಲಿ ಸರಳ ಪದವನ್ನೇ ಬರೆಯಿರಿ.

ಪ್ರಶ್ನೆ: 'ಶೇಡ್' ಮತ್ತು 'ಶ್ಯಾಡೋ' ಎರಡೂ ನೆರಳೇ ಅಲ್ಲವೇ?

ಉತ್ತರ: ಹೌದು, ಎರಡೂ ಹಳೆಯ ಇಂಗ್ಲಿಷಿನ ಒಂದೇ ಪದದ ಬೇರೆ ಬೇರೆ ರೂಪಗಳಿಂದ ಬೆಳೆದವು. ಈಗ ಬಿಸಿಲು ತಾಗದ ಜಾಗ 'ಶೇಡ್', ಬೆಳಕಿಗೆ ಅಡ್ಡ ನಿಂತದ್ದರ ಆಕಾರ ನೆಲದ ಮೇಲೋ ಗೋಡೆಯ ಮೇಲೋ ಬಿದ್ದರೆ ಅದು 'ಶ್ಯಾಡೋ'. ಆಕಾರಕ್ಕೆ ಅಂಚು ಇರುವುದರಿಂದ 'ಎ ಶ್ಯಾಡೋ' ಎಂದು ಎಣಿಸುತ್ತೇವೆ. ತಂಪಾದ ಜಾಗದ ಅರ್ಥದಲ್ಲಿ 'ಇನ್ ದ ಶೇಡ್' ಎನ್ನುತ್ತೇವೆಯೇ ಹೊರತು ಎಣಿಸುವುದಿಲ್ಲ. ಮರದ ಕೆಳಗೆ ದಣಿವಾರಿಸಿಕೊಂಡವರು ಕುಳಿತದ್ದು 'ಇನ್ ದ ಶೇಡ್ ಆಫ್ ಎ ಟ್ರೀ'.