ಪಾಳುಬಿದ್ದ ಊರುಗಳನ್ನು ಹುಡುಕಲು ಎಲ್ಲಿಂದ ತೊಡಗಬೇಕು?

ನಿಮ್ಮ ತಾಲ್ಲೂಕಿನಲ್ಲಿ ಜನ ಬಿಟ್ಟುಹೋದ ಹಳೆಯ ಊರುಗಳನ್ನು ಪತ್ತೆಹಚ್ಚಿ ಅವುಗಳ ಚರಿತ್ರೆಯನ್ನು ತಿಳಿಯಬೇಕೆಂದಿದ್ದೀರಿ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಕಂದಾಯ ದಾಖಲೆಗಳಿಂದ ಆರಂಭಿಸಿ ಎಂಬುದು ನನ್ನ ಉತ್ತರ. ಬಹಳ ಕಾಲ ಭೂಮಾಪಕನಾಗಿದ್ದವನ ಮಾತಾದ್ದರಿಂದ ಇದರಲ್ಲಿ ವೃತ್ತಿಯ ಅಭಿಮಾನ ಸ್ವಲ್ಪ ಬೆರೆತಿರಬಹುದು. ಆದರೂ ಗುಡ್ಡ ಹತ್ತಿ ಪೊದೆ ಸರಿಸುವುದಕ್ಕೆ ಮೊದಲು ಕಾಗದ ನೋಡಿಕೊಂಡು ಹೋದವರಿಗೆ ಸಿಗುವುದೇ ಹೆಚ್ಚು.

ಊರು ಹಾಳಾದ ಮಾತ್ರಕ್ಕೆ ಕಂದಾಯ ಇಲಾಖೆಯ ಪಟ್ಟಿಯಿಂದ ಅದರ ಹೆಸರು ಹೋಗುವುದಿಲ್ಲ. ಒಂದು ಮನೆಯೂ ಇಲ್ಲದ ಇಂಥ ಗ್ರಾಮವನ್ನು ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಎನ್ನುತ್ತಾರೆ. ಅದಕ್ಕೆ ತನ್ನದೇ ಎಲ್ಲೆಗಳಿವೆ, ತನ್ನದೇ ಸರ್ವೆ ನಂಬರುಗಳಿವೆ, ಅಲ್ಲಿನ ಜಮೀನಿಗೆ ಇಂದಿಗೂ ಆ ಹೆಸರಿನಲ್ಲಿಯೇ ಪಹಣಿ ಬರುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ 29 ಸಾವಿರಕ್ಕೂ ಮಿಕ್ಕ ಗ್ರಾಮಗಳ ಪೈಕಿ ಎರಡು ಸಾವಿರದಷ್ಟು ಗ್ರಾಮಗಳು ಜನವಸತಿಯಿಲ್ಲದವು. ಇವೆಲ್ಲವೂ ಒಂದು ಕಾಲಕ್ಕೆ ಊರುಗಳಾಗಿದ್ದವೆಂದಲ್ಲ, ಕೆಲವು ದನ ಮೇಯಲು ಬಿಟ್ಟ ಬರೀ ಕಾವಲು, ಕೆಲವು ಕಾಡು. ನಿಮ್ಮ ಹೋಬಳಿಯ ಬೇಚರಾಕ್ ಗ್ರಾಮಗಳ ಹೆಸರುಗಳನ್ನು ಗ್ರಾಮ ಆಡಳಿತಾಧಿಕಾರಿಯಿಂದಲೋ ಜಿಲ್ಲಾ ಜನಗಣತಿ ಕೈಪಿಡಿಯಿಂದಲೋ ಬರೆದುಕೊಂಡರೆ ಹುಡುಕಾಟಕ್ಕೊಂದು ಬುನಾದಿ ಸಿಕ್ಕಂತೆ.

ಮುಂದಿನದು ಗ್ರಾಮ ನಕ್ಷೆ. ಇದು ಈಗ ಭೂಮಾಪನ ಇಲಾಖೆಯ ಜಾಲತಾಣದಲ್ಲಿಯೂ ಸಿಗುತ್ತದೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಮೊದಲು ಬಂಡಿದಾರಿಗಳ ಮೇಲೆ ಕಣ್ಣಾಡಿಸಿರಿ. ನಾಲ್ಕಾರು ದಾರಿಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಒಂದು ಜಾಗದಲ್ಲಿ ಕೂಡುತ್ತಿದ್ದು, ಆ ಜಾಗದಲ್ಲಿ ಏನೂ ಇಲ್ಲವೆಂದರೆ ಅಲ್ಲಿ ಊರಿತ್ತೆಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಏಕೆಂದರೆ ಬರಿಯ ಹೊಲಕ್ಕೆ ಅಷ್ಟೊಂದು ದಾರಿಗಳ ಅಗತ್ಯವಿರುವುದಿಲ್ಲ. ಆ ಸ್ಥಳದ ಆಸುಪಾಸಿನಲ್ಲಿ ಸಣ್ಣದೊಂದು ಕೆರೆ, ಬಾವಿ, ಗುಡಿಯ ಗುರುತು, ಸ್ಮಶಾನವೆಂದು ಬಿಟ್ಟ ‘ಬ’ ಖರಾಬು (ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಹೊರಗಿಟ್ಟ ಜಾಗ) ಇವೆಯೇ ಎಂದು ನೋಡಿರಿ. ಕಂದಾಯದ ಹಳೆಯ ಕೈಬರಹದ ಪುಸ್ತಕಗಳು ಓದಲು ಸಿಕ್ಕರೆ ಇನಾಮು ಜಮೀನುಗಳ, ಅಂದರೆ ಸೇವೆಗೆ ಪ್ರತಿಯಾಗಿ ಬಿಟ್ಟುಕೊಟ್ಟ ಜಮೀನುಗಳ, ಕಡೆಗೆ ಗಮನ ಕೊಡಿರಿ. ಊರು ಕಾಯುವ ತೋಟಿ, ತಳವಾರ, ಕೆರೆಯ ನೀರು ಬಿಡುವ ನೀರಗಂಟಿ ಇವರಿಗೆ ಬಿಟ್ಟ ಇನಾಮು ಇತ್ತೆಂದರೆ ಅಲ್ಲಿ ಕಾಯುವಂಥ ಊರೂ ನೀರು ಹಂಚುವಂಥ ಕೆರೆಯೂ ಇದ್ದವೆಂದು ಅರ್ಥ. ಮೈಸೂರು ಸೀಮೆಯಲ್ಲಿ ಮೂಲ ಸರ್ವೆ ಆರಂಭವಾದದ್ದು 1863ರಲ್ಲಿ. ಆ ಸರ್ವೆಯ ಟಿಪ್ಪಣಿಯಲ್ಲಿಯೇ (ಪ್ರತಿ ಸರ್ವೆ ನಂಬರಿನ ಅಳತೆಯ ನಕ್ಷೆಯಲ್ಲಿಯೇ) ಊರಿದ್ದ ಜಾಗ ಸಾಗುವಳಿಯ ಹೊಲವಾಗಿ ಕಂಡರೆ ಊರು ಅದಕ್ಕೂ ಹಿಂದೆಯೇ ಬರಿದಾಗಿದೆ. ಗ್ರಾಮಠಾಣವೆಂದು, ಅಂದರೆ ಮನೆಗಳಿರುವ ಜಾಗವೆಂದು, ನಮೂದಾಗಿದ್ದರೆ ಅನಂತರದಲ್ಲಿ ಬಿಟ್ಟುಹೋಗಿರುವ ಸಂಭವವೇ ಹೆಚ್ಚು.

ಸರ್ವೆಗಿಂತ ಹಿಂದಿನ ಕಾಲಕ್ಕೆ ಶಾಸನಗಳೇ ಆಧಾರ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ನಿಮ್ಮ ತಾಲ್ಲೂಕಿನ ಭಾಗವನ್ನಷ್ಟೇ ಓದಿದರೂ ಸಾಕಾಗುತ್ತದೆ. ಶಾಸನವೆಂದ ಕೂಡಲೇ ರಾಜನ ಬಿರುದಾವಳಿಯನ್ನು ಓದಿ ಪುಸ್ತಕ ಮುಚ್ಚುವವರೇ ಬಹಳ. ನಮಗೆ ಬೇಕಾದದ್ದು ಕೊನೆಯಲ್ಲಿರುತ್ತದೆ: ದತ್ತಿ ಬಿಟ್ಟ ಭೂಮಿಗೆ ಮೂಡಲು ಯಾವ ಊರು, ತೆಂಕಲು ಯಾವ ಹಳ್ಳ, ಪಡುವಲು ಯಾವ ಕೆರೆ ಎಂಬ ಎಲ್ಲೆಯ ವಿವರ. ಇಂದು ಯಾವ ನಕ್ಷೆಯಲ್ಲಿಯೂ ಕಾಣದ ಊರುಗಳ ಹೆಸರು ಅಲ್ಲಿ ಸಿಗುತ್ತವೆ, ಅವುಗಳಲ್ಲಿ ಕೆಲವು ಈಗ ಬರೀ ಹೊಲದ ಹೆಸರಾಗಿ ರೈತರ ಬಾಯಲ್ಲಿ ಉಳಿದಿರುತ್ತವೆ. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈ ಸೀಮೆಯ ಪ್ರವಾಸಕ್ಕೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಯುದ್ಧಗಳಿಂದ ಬರಿದಾದ ಹಳ್ಳಿಗಳನ್ನು ದಾರಿಯುದ್ದಕ್ಕೂ ಗುರುತುಹಾಕಿಕೊಂಡಿದ್ದಾನೆ. ಅವನ ದಾರಿ ನಿಮ್ಮ ಕಡೆ ಹಾದುಹೋಗಿದ್ದರೆ ಅದು ನಿಮ್ಮ ಅದೃಷ್ಟ.

ಊರು ಏಕೆ ಹಾಳಾಯಿತೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಪ್ಲೇಗು ಬಂದು ಹೋಯಿತು ಎನ್ನುತ್ತಾರೆ. ಈ ಉತ್ತರವನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ. ಆ ಕಾಲದಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದು ನಿಜವಾದರೂ ಬೇನೆ ಇಳಿದ ಮೇಲೆ ಮರಳಿ ಬಂದವರೇ ಹೆಚ್ಚು. ಬಯಲುಸೀಮೆಯಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು 1876–78ರ ಬರಗಾಲ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇನ್ನು ಕೆಲವು ಕಡೆ ಸರ್ಕಾರಿ ಕಚೇರಿ ಎದ್ದುಹೋದದ್ದೂ ಊರು ಕುಗ್ಗಲು ಕಾರಣವಾಗಿದೆ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರವೆಂದು ಕರೆದನು. ಮುಂದೆ ತಾಲ್ಲೂಕಿನ ಕೇಂದ್ರ ಅಲ್ಲಿಂದ ಕಲ್ಲೂರುಕಟ್ಟೆಗೆ ಹೋಗಿ ಆ ಊರೇ ಹೊಸನಗರವಾಯಿತು. ಹಳೆಯ ನಗರದಲ್ಲಿ ಕೋಟೆ ಮತ್ತು ದೇವಗಂಗೆಯ ಕೊಳಗಳನ್ನು ಈಗಲೂ ನೋಡಬಹುದು.

ಸ್ಥಳಕ್ಕೆ ಹೋಗುವಾಗ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿರಿ. ಇದು ಮರ್ಯಾದೆಯ ಮಾತಷ್ಟೇ ಅಲ್ಲ. ನಿಧಿಯ ಆಸೆಗೆ ಬಸವಣ್ಣನ ವಿಗ್ರಹದ ಬುಡ ಅಗೆಯುವವರ ಹಾವಳಿ ಎಷ್ಟಿದೆಯೆಂದರೆ, ಪಾಳು ಗುಡಿಯ ಹತ್ತಿರ ಅಪರಿಚಿತರು ನಿಂತಿರುವುದನ್ನು ಕಂಡರೆ ಜನ ಮೊದಲು ಸಂಶಯಪಡುತ್ತಾರೆ, ಅದು ತಪ್ಪೂ ಅಲ್ಲ. ವೀರಗಲ್ಲನ್ನು ಎತ್ತುವುದು, ಮಣ್ಣು ಕೆದಕುವುದು, ಅಕ್ಷರ ಕಾಣಲೆಂದು ಶಾಸನಕ್ಕೆ ಎಣ್ಣೆ ಸವರುವುದು ಯಾವುದೂ ಬೇಡ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಹುಲ್ಲು ಮುಚ್ಚಿದ ಹಾಳುಬಾವಿಗಳ ಬಗ್ಗೆ ಎಚ್ಚರವಿರಲಿ, ಮುಂದೆ ಕೋಲೂರಿ ನೋಡಿಯೇ ಹೆಜ್ಜೆಯಿಡಬೇಕು.

ಊರಿನ ಮನೆಗಳೆಲ್ಲ ಬಿದ್ದುಹೋದರೂ ಹನುಮಂತನ ಗುಡಿಯೋ ಮಾರಮ್ಮನ ಗುಡಿಯೋ ಹೊಲದ ನಡುವೆ ಸುಣ್ಣ ಬಳಿಸಿಕೊಂಡು ನಿಂತಿರುವುದುಂಟು. ಅಂಥ ಕಡೆ ವರ್ಷಕ್ಕೊಮ್ಮೆ ಪೂಜೆ ಯಾವಾಗ ಎಂದು ವಿಚಾರಿಸಿಕೊಂಡು ಅದೇ ದಿನ ಹೋಗಿರಿ. ಆ ಊರಿನಿಂದ ಚದುರಿಹೋದ ಮನೆತನಗಳು ಮನೆದೇವರ ಪೂಜೆಗೆಂದು ಅಂದು ಬಂದಿರುತ್ತವೆ. ಹಿರಿಯರನ್ನು ಕೇಳಬೇಕಾದದ್ದು ಊರು ಏಕೆ ಹಾಳಾಯಿತು ಎಂದಲ್ಲ. ನಿಮ್ಮವರು ಇಲ್ಲಿಂದ ಎದ್ದು ಯಾವ ಊರಿಗೆ ಹೋದರು, ಯಾರ ಜಮೀನು ಯಾರಿಗೆ ಬಂತು, ನೀರು ಎಲ್ಲಿಂದ ತರುತ್ತಿದ್ದರು ಎಂದು. ಅವರು ಹೇಳಿದ್ದನ್ನು ಪಹಣಿಯೊಡನೆ ಹೋಲಿಸಿ ನೋಡಲು ಬರುತ್ತದೆ.

ಮುಳುಗಡೆಯ ಊರುಗಳ ಲೆಕ್ಕವೇ ಬೇರೆ. 1964ರಲ್ಲಿ ಪೂರ್ಣಗೊಂಡ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳ ಜೊತೆಗೆ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನೀರು ಇಳಿದಾಗ ಅದು ಮೇಲೆ ಕಾಣುತ್ತದೆ. ಅಲ್ಲಿಗೆ ಹೋಗುವ ಮನಸ್ಸಿದ್ದರೆ ಮೊದಲು ಜಲಾಶಯದ ಮಟ್ಟವನ್ನು ತಿಳಿದುಕೊಂಡು, ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆದೇ ಹೊರಡಿರಿ.