ಸಿಸ್ಟರ್ ಕಂಡರೆ ತಮ್ಮನಿಗೆ ಯಾಕಿಷ್ಟು ಸಿಟ್ಟು?

ಪ್ರಶ್ನೆ: ತಮ್ಮನಿಗೆ ಸ್ಕಿಜೋಫ್ರೇನಿಯಾ. ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾನೆ, ಆರಾಮಾಗಿದ್ದಾನೆ. ಆದರೆ ಅಲ್ಲಿನ ಸಿಸ್ಟರ್‌ಗಳನ್ನು ‘ಜೈಲು ಪೊಲೀಸರು’ ಅಂತ ಬೈಯುತ್ತಾನೆ. ಒಂದು ರಾತ್ರಿ ಮಂಚಕ್ಕೆ ಕಟ್ಟಿದ್ದರಂತೆ. ಕಸ ಗುಡಿಸುವ ಅಮ್ಮನನ್ನು ಮಾತ್ರ ಹೊಗಳುತ್ತಾನೆ. ಇದೆಲ್ಲ ಕಾಯಿಲೆಯ ಮಾತೇ?
– ಒಬ್ಬ ಅಕ್ಕ, ಹಾಸನ

ಉತ್ತರ: ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಬೇಡಿ. ನಾನು ಮನೋರೋಗ ವಾರ್ಡಿನಲ್ಲೇ ಡ್ಯೂಟಿ ಮಾಡಿ ರಿಟೈರ್ ಆದ ನರ್ಸ್. ಅಲ್ಲಿದ್ದವರು ನಮ್ಮನ್ನು ಎಷ್ಟು ಚೆನ್ನಾಗಿ ಅಳೆಯುತ್ತಿದ್ದರು ಅಂತೀರಿ! ‘ಇವತ್ತು ನೈಟ್ ಯಾರು ಸಿಸ್ಟರ್?’ ಅಂತ ಮಧ್ಯಾಹ್ನವೇ ವಿಚಾರಿಸುತ್ತಿದ್ದರು. ಕೆಲವು ಹೆಸರು ಕೇಳಿದರೆ ಸಂಜೆಗೇ ಮುಸುಕು ಹಾಕಿ ಮಲಗಿಬಿಡುತ್ತಿದ್ದರು.

ಡಾಕ್ಟರು ರೌಂಡ್ಸಿಗೆ ಬಂದು ಬರೆದು ಹೋಗುತ್ತಾರೆ. ಬೀಗದ ಕೈ, ಸಿರಿಂಜು ಎರಡೂ ನಮ್ಮ ಕೈಯಲ್ಲಿ. ಮಾತ್ರೆ ಕೊಟ್ಟು ‘ಆ ಅನ್ನು, ನಾಲಿಗೆ ಎತ್ತು’ ಅಂತ ಬಾಯೊಳಗೆ ಇಣುಕುವವರೂ ನಾವೇ. ದವಡೆಯಲ್ಲಿಟ್ಟುಕೊಂಡು ಆಮೇಲೆ ಉಗುಳುವವರಿದ್ದಾರೆ, ನೋಡಲೇಬೇಕು. ಆದರೆ ಮೀಸೆ ಬಂದ ಗಂಡಸಿಗೆ ಅದನ್ನು ಗದರಿಸಿ ಹೇಳಿದರೆ ಸಿಟ್ಟು ಬಾರದೇ ಇರುತ್ತಾ? ಗುಡಿಸುವ ಅಮ್ಮ ಏನನ್ನೂ ಪರೀಕ್ಷೆ ಮಾಡುವುದಿಲ್ಲ. ‘ಊಟ ಆಯ್ತಾ ಅಣ್ಣ’ ಅಂತ ಕೇಳಿ ಮುಂದಿನ ಮಂಚಕ್ಕೆ ಹೋಗುತ್ತಾಳೆ.

ಕಟ್ಟಿದ ವಿಷಯವನ್ನು ಮಾತ್ರ ಸುಮ್ನೆ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿ ಹಾಕುವುದು ಪೂರ್ತಿ ನಿಷೇಧ. ಅವನಿಗೋ ಇನ್ನೊಬ್ಬರಿಗೋ ಆ ಕ್ಷಣಕ್ಕೆ ಅಪಾಯವಿದ್ದು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು. ಅದಕ್ಕೂ ಮನೋವೈದ್ಯರ ಒಪ್ಪಿಗೆ ಬೇಕು. ಶಿಕ್ಷೆ ಅಂತ ಕಟ್ಟುವ ಹಾಗಿಲ್ಲ, ಸಿಬ್ಬಂದಿ ಕಡಿಮೆ ಅಂತಲೂ ಕಟ್ಟುವ ಹಾಗಿಲ್ಲ. (ರಾತ್ರಿ ಇಡೀ ವಾರ್ಡನ್ನು ಒಬ್ಬಳೇ ಸಿಸ್ಟರ್ ಮೇಲೆ ಬಿಟ್ಟು ಹೋಗುವವರು ಈ ಸಾಲನ್ನು ಜಾಸ್ತಿ ಸಲ ಓದಬೇಕು.) ಕಟ್ಟಿದ್ದನ್ನು ಅವನ ನಾಮಿತ ಪ್ರತಿನಿಧಿಗೆ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ಅವನ ಪರವಾಗಿ ನಿಲ್ಲಲು ಹೆಸರಿಸಿದವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಪ್ರತಿನಿಧಿ ಯಾರೆಂದು ಬರೆಸಿದ್ದರು, ಅವರಿಗೆ ಹೇಳಿದ್ದರೇ, ವಿಚಾರಿಸಿ. ಇಲ್ಲವಾದರೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ಉತ್ತರ ಸರಿಹೋಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ಕೊಡಬೇಕೋ ಬೇಡವೋ ಅಂತ ತಮ್ಮನನ್ನೇ ಕೇಳಿ.

ಇನ್ನೊಂದು ವಿಷಯ. ಮುಂದೆ ಅಡ್ಮಿಟ್ ಆಗಬೇಕಾಗಿ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಏನು ಮಾಡಬಾರದು ಅಂತ ಆರಾಮಾಗಿರುವಾಗಲೇ ಬರೆದಿಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಪ್ರತಿನಿಧಿ ಯಾರಾಗಬೇಕು ಅನ್ನೋದನ್ನೂ ಅವನೇ ಹೇಳಬಹುದು. ನಿಮ್ಮ ಹೆಸರು ಬರೆಯದೇ ಹೋದರೆ ಬೇಜಾರು ಮಾಡ್ಕೋಬೇಡಿ.