ಬಣವೆಯೋ ಲಾರಿಯೋ

ತಮ್ಮಾ,

ನಿನ್ನ ಮೇಲ್ ಬಂತು. ನಮ್ಮ ಮೇಷ್ಟ್ರ ಮಗ ನೀನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬರುತ್ತೀಯ ಅಂದರೆ ನಮ್ಮ ಅರಸೀಕೆರೆಯವರು ಇಲ್ಲಿ ಇಬ್ಬರಾದೆವು. ತುಂಬಾ ಖುಷಿ. ಬಾಡಿಗೆ, ಕುಕ್ಕರ್, ಕಾರು ಅಂತೆಲ್ಲ ಕೇಳಿ, ಕೊನೆಯಲ್ಲಿ ಸಂಕೋಚದಿಂದ ಇನ್ನೊಂದು ಸೇರಿಸಿದ್ದೀಯ: "ಅಣ್ಣಾ, ನಾನು ಸೇರುವ ಕಂಪನಿಯ ಎಐ ಮಿಲಿಟರಿಗೂ ಹೋಗುತ್ತಂತೆ. ಆ ಕೆಲಸ ಬೇಡ ಅಂದರೆ ನಡೆಯುತ್ತಾ? ವೀಸಾಕ್ಕೆ ತೊಂದರೆಯಾ?"

ಬಾಡಿಗೆ ಜಾಸ್ತಿ, ಇಬ್ಬರು ಸೇರಿ ಮನೆ ಹಿಡಿಯಿರಿ. ಕುಕ್ಕರ್ ಇಲ್ಲೇ ಸಿಗುತ್ತದೆ, ಗ್ಯಾಸ್ಕೆಟ್ ಮಾತ್ರ ಎರಡು ತಾ. ಕಾರಿನ ಮಾತು ಆಮೇಲೆ.

ನಾನು ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಏರ್‌ಪೋರ್ಟಿನಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಗೆ ಏನು ಹೇಳುವುದು ಅಂತ ಹೆದರಿಕೊಂಡಿದ್ದೆ. ಕೈಯಲ್ಲಿದ್ದ ವೀಸಾ ಕಾಗದಗಳನ್ನು ಸರಿಯಾಗಿ ಓದಿರಲೇ ಇಲ್ಲ. ಅದರಲ್ಲಿ ಐ-129 ಅಂತ ಒಂದು ಅರ್ಜಿ ಇರುತ್ತದೆ. ಕಂಪನಿ ನಿನ್ನ ಪರವಾಗಿ ಹಾಕುವುದು. ಅದರ 6ನೇ ಭಾಗ ಓದು. ಕೆಲವು ಬಗೆಯ ತಂತ್ರಜ್ಞಾನವನ್ನು ಈ ದೇಶದೊಳಗೇ ವಿದೇಶಿಯವನಿಗೆ ತೋರಿಸಿದರೂ ಅದು ರಫ್ತು ಮಾಡಿದ ಲೆಕ್ಕ. ನಿನಗೆ ತೋರಿಸಲು ಲೈಸೆನ್ಸ್ ಬೇಕೋ ಬೇಡವೋ ಅಂತ ಕಂಪನಿ ಅಲ್ಲಿ ಬರೆದು ಕೊಡಬೇಕು. ಇನ್ನು ಸೈನ್ಯದ ಗುಟ್ಟಿನ ಕೆಲಸಕ್ಕೆ ಸಾಮಾನ್ಯವಾಗಿ ಇಲ್ಲಿನ ಪೌರರೇ ಬೇಕು. ಹಾಗಾಗಿ ಆ ಕೋಣೆಗೆ ನಿನ್ನನ್ನು ಬಿಡುವುದಿಲ್ಲ.

ನೀನು ಬರೆದ ಕೋಡ್ ಮಾತ್ರ ಹೋಗುತ್ತದೆ. ಇದು ನನಗೆ ಗೊತ್ತಾಗಲು ಆರು ವರ್ಷ ಬೇಕಾಯ್ತು.

ಆಗ ನಾನಿದ್ದದ್ದು ಒಂದು ಸಣ್ಣ ಕಂಪನಿ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಮನೆ ಚಾವಣಿ, ಕೊಟ್ಟಿಗೆ, ಗಾಡಿಗಳನ್ನು ಎಐಯಿಂದ ಗುರುತಿಸಿ ವಿಮೆ ಕಂಪನಿಗಳಿಗೆ ಮಾರುತ್ತಿದ್ದೆವು. ಒಂದು ದಿನ ಚಿತ್ರವೊಂದರಲ್ಲಿ ಟಾರ್ಪಾಲು ಹೊದಿಸಿದ ಹುಲ್ಲಿನ ಬಣವೆ ಕಂಡಿತು. ಸುತ್ತ ಕೆಂಪು ಚೌಕ, ಪಕ್ಕದಲ್ಲಿ "ಲಾರಿ 0.71". ಅಂದರೆ ಅದು ಲಾರಿಯೇ ಅಂತ ಯಂತ್ರಕ್ಕೆ ನೂರಕ್ಕೆ ಎಪ್ಪತ್ತೊಂದರಷ್ಟು ನಂಬಿಕೆ. ನನಗೆ ನಗು ಬಂತು. ನಮ್ಮೂರಲ್ಲಿ ಮೂರು ವರ್ಷದ ಮಗುವೂ ಅದನ್ನು ಬಣವೆ ಅನ್ನುತ್ತದೆ, ಅಲ್ವಾ? ಹುಡುಕಿದರೆ ಅಂಥವು ಹನ್ನೊಂದು ಸಿಕ್ಕವು. ಚಿತ್ರ ಗುರುತಿಸುವ ನಮ್ಮ ಎಐ ಮಾದರಿಯ (ಮಾಡೆಲ್) ದೋಷಗಳ ಪಟ್ಟಿಯಲ್ಲಿ ಒಂದು ಸಾಲು ಬರೆದಿಟ್ಟೆ: ಹೊದಿಸಿದ ಬಣವೆಯನ್ನು ವಾಹನ ಎನ್ನುತ್ತದೆ, ಮನುಷ್ಯ ನೋಡಲೇಬೇಕು.

ವಿಮೆಯಲ್ಲಿ ತಪ್ಪಾದರೆ ಒಂದು ಫೋನ್ ಕಾಲ್‌ನಲ್ಲಿ ಮುಗಿಯುತ್ತದೆ. 2018ರಲ್ಲಿ ಅದೇ ಮಾದರಿಗೆ ಸೈನ್ಯದ ಗುತ್ತಿಗೆ ಬಂತು. ಒಪ್ಪಿಸುವ ಹಿಂದಿನ ವಾರ ಮ್ಯಾನೇಜರ್, "ಪಟ್ಟಿ ಉದ್ದ ಆಯ್ತು, ದೊಡ್ಡವು ಮಾತ್ರ ಇರಲಿ" ಅಂದರು. ಬಣವೆಯ ಸಾಲನ್ನು ನಾನೇ ಅಳಿಸಿದೆ. ಯಾರೂ ಗದರಲಿಲ್ಲ, ಬಲವಂತ ಮಾಡಲಿಲ್ಲ. ಗ್ರೀನ್ ಕಾರ್ಡ್ ಸರದಿಯಲ್ಲಿದ್ದೆ, ಮಗಳು ಹುಟ್ಟಿದ್ದಳು, ಸುಮ್ನೆ ಅಳಿಸಿದೆ.

ಅದೇ ವರ್ಷ ಗೂಗಲ್‌ನಲ್ಲಿ 3,000ಕ್ಕೂ ಹೆಚ್ಚು ಜನ ಸಹಿ ಹಾಕಿ ಪತ್ರ ಬರೆದಿದ್ದರು. ಪೆಂಟಗನ್‌ನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ಪ್ರಾಜೆಕ್ಟ್ ಮೇವನ್ ಬೇಡ ಅಂತ. ಡ್ರೋನ್ ತೆಗೆದ ವಿಡಿಯೋದಲ್ಲಿ ಯಂತ್ರವೇ ಗಾಡಿ, ಮನುಷ್ಯರನ್ನು ಗುರುತಿಸುವ ಕೆಲಸ ಅದು. ಗೂಗಲ್ ಗುತ್ತಿಗೆ ಮುಂದುವರಿಸಲಿಲ್ಲ, ಆಯುಧಕ್ಕೆ ಎಐ ಕೊಡುವುದಿಲ್ಲ ಅಂತ ಮಾತೂ ಕೊಟ್ಟಿತು. ಆ ಮಾತನ್ನು 2025ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೂಡ "ಮಿಲಿಟರಿ ಮತ್ತು ಯುದ್ಧಕ್ಕೆ ಬಳಸುವಂತಿಲ್ಲ" ಅನ್ನುವ ನಿಯಮವನ್ನು 2024ರ ಜನವರಿಯಲ್ಲಿ ತೆಗೆದಿತ್ತು. ಕಂಪನಿ ನಿಯಮ ಅಂದರೆ ಕಂಪನಿಯದೇ. ಬೇಕಾದಾಗ ಬರೆಯುತ್ತಾರೆ, ಬೇಡವಾದಾಗ ಅಳಿಸುತ್ತಾರೆ.

ಸರಕಾರದ ಕಾನೂನು ಕಾಯುತ್ತದಾ ಅಂದರೆ, ಅರ್ಧ. ಪೆಂಟಗನ್‌ಗೆ 3000.09 ಅನ್ನುವ ಆದೇಶ ಇದೆ. 2012ರದು, 2023ರಲ್ಲಿ ತಿದ್ದಿದ್ದಾರೆ. ಬಲ ಪ್ರಯೋಗದಲ್ಲಿ ಮನುಷ್ಯನ ವಿವೇಚನೆ "ತಕ್ಕ ಮಟ್ಟಿಗೆ" ಇರಬೇಕು ಅನ್ನುತ್ತದೆ. ತಾನೇ ಗುರಿ ಹುಡುಕಿ ಹೊಡೆಯುವ ಆಯುಧವನ್ನು ಅದು ನಿಷೇಧಿಸಿಲ್ಲ. ಸೈನಿಕನನ್ನೂ ಸಾಮಾನ್ಯನನ್ನೂ ಬೇರೆ ಮಾಡಿ ನೋಡು ಅನ್ನುವುದು ಯುದ್ಧದ ಹಳೆಯ ಕಾನೂನು, ಅದು ಎಐಗೂ ಅನ್ವಯಿಸುತ್ತದೆ. ಆದರೆ ಹೊಸ ಆಯುಧ ಕಾನೂನಿಗೆ ಹೊಂದುತ್ತದಾ ಅಂತ ಪರೀಕ್ಷಿಸಿ ನೋಡಬೇಕು ಅನ್ನುವ 1977ರ ಜಿನೀವಾ ಪ್ರೊಟೊಕಾಲ್‌ಗೆ ಅಮೆರಿಕವೂ ಸೇರಿಲ್ಲ, ಭಾರತವೂ ಸೇರಿಲ್ಲ. 2023ರ ಡಿಸೆಂಬರ್‌ನಲ್ಲಿ ಇಂಥ ಸ್ವಯಂಚಾಲಿತ ಆಯುಧಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ ನಿರ್ಣಯ ಬಂದಾಗ 152 ದೇಶಗಳು ಪರವಾಗಿದ್ದವು. ವಿರುದ್ಧ ನಾಲ್ಕೇ ದೇಶ, ಅದರಲ್ಲಿ ನಮ್ಮದೂ ಒಂದು. ಹಾಗಾಗಿ ಇಲ್ಲಿಯವರಿಗೆ ಬುದ್ಧಿ ಹೇಳಲು ಹೋಗಬೇಡ.

ಬೇಡ ಅನ್ನಬಹುದಾ? ಕೇಳಬಹುದು. ಬೇರೆ ಟೀಮ್ ಕೊಡುವುದು ಅವರ ಮರ್ಜಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಕಾರಣ ಹೇಳದೆಯೂ ಕೆಲಸದಿಂದ ತೆಗೆಯಬಹುದು. ಇಸ್ರೇಲ್ ಸರಕಾರದ ಜೊತೆಗಿನ ಗುತ್ತಿಗೆ ವಿರೋಧಿಸಿ 2024ರ ಏಪ್ರಿಲ್‌ನಲ್ಲಿ ಗೂಗಲ್ ಆಫೀಸಿನಲ್ಲೇ ಧರಣಿ ಕೂತ ಮೇಲೆ ಮೊದಲ ಸುತ್ತಿನಲ್ಲೇ 28 ಜನರ ಕೆಲಸ ಹೋಯಿತು. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲಿದ್ದವನಿಗೆ ಕೆಲಸ ಹೋದರೆ ಬೇರೆ ಕೆಲಸ ಹಿಡಿಯಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಧರಣಿ ಕೂರು ಅಂತ ನಾನು ಹೇಳುವುದಿಲ್ಲ, ನಿಮ್ಮಮ್ಮನ ಮುಖ ನೆನಪಾಗುತ್ತದೆ. ಸೇರುವ ಮೊದಲೇ ಮೇಲ್‌ನಲ್ಲಿ ಕೇಳು: ನನ್ನ ಕೆಲಸ ಯಾವ ಗುತ್ತಿಗೆಗೆ ಹೋಗುತ್ತದೆ? ಬಾಯಿಮಾತಲ್ಲ, ಬರಹದಲ್ಲಿ ಉತ್ತರ ಇರಲಿ.

ಅಪ್ಪ ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು, ನಿನಗೆ ಗೊತ್ತೇ ಇದೆ. ಸೈನ್ಯ ಅಂದರೆ ನನಗೆ ಅಸಡ್ಡೆ ಇಲ್ಲ, ಅವರ ಪಿಂಚಣಿಯಲ್ಲೇ ನಾನು ಓದಿದ್ದು. ಊರಿಗೆ ಹೋದಾಗ ಬಣವೆಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಫೈರಿಂಗ್ ಅಭ್ಯಾಸ ಮುಗಿದ ಮೇಲೆ ಖೋಕಾ ಆಯುವುದನ್ನು ಹೇಳಿದರು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆ ಅದು. ಎಷ್ಟು ಗುಂಡು ಕೊಟ್ಟಿದ್ದರೋ ಅಷ್ಟು ಖೋಕಾ ವಾಪಸ್ ಬರಬೇಕು. ಒಂದು ಕಡಿಮೆ ಬಿದ್ದರೂ ಇಡೀ ಪ್ಲಟೂನ್ ಬಿಸಿಲಲ್ಲಿ ಮಂಡಿಯೂರಿ ಹುಲ್ಲು ತಡಕಬೇಕು.

"ನಿಮ್ಮದರಲ್ಲಿ ಯಾರು ಆಯ್ತಾರೆ?" ಅಂತ ಕೇಳಿ, ಎಲೆ ಅಡಿಕೆ ಡಬ್ಬಿ ತೆಗೆದರು.

ಆ ಮಾದರಿ ಎಲ್ಲಿ ಓಡಿತು, ಯಾವ ಹೊಲದ ಮೇಲೆ ಓಡಿತು ಅಂತ ನನಗೆ ಯಾರೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಮರುವರ್ಷ ಆ ಕೆಲಸ ಬಿಟ್ಟೆ. ಅಳಿಸಿದ ಸಾಲನ್ನು ಒಂದು ಡೈರಿಯಲ್ಲಿ ಕೈಯಾರೆ ಬರೆದಿಟ್ಟಿದ್ದೇನೆ. ನೀನು ಬಂದಾಗ ತೋರಿಸುತ್ತೇನೆ.

ವಿಮಾನದ ದಿನ ತಿಳಿಸು, ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಚಟ್ನಿಪುಡಿ ಸೂಟ್‌ಕೇಸ್ ಮೇಲ್ಗಡೆ ಇಡು, ಕೇಳಿದರೆ ತೆಗೆದು ತೋರಿಸಲು ಸುಲಭ.